ಬೆರಿಲ್ ಹರಳುಗಳ ಸಂಗ್ರಹ: ಮಲೆನಾಡಿನ ಆಸಕ್ತರಿಗೊಂದು ಕೈಪಿಡಿ

ಪಚ್ಚೆಯನ್ನೂ ಅಕ್ವಾಮರೀನನ್ನೂ ಒಡವೆ ಅಂಗಡಿಯಲ್ಲಿ ಬೇರೆ ಬೇರೆ ಡಬ್ಬಿಗಳಲ್ಲಿ ನೋಡಿ ರೂಢಿಯಾದವರಿಗೆ ಅವೆರಡೂ ಒಂದೇ ಖನಿಜದ ಬಣ್ಣಭೇದಗಳೆಂಬುದನ್ನು ನಂಬುವುದು ಮೊದಲಿಗೆ ಕಷ್ಟವಾಗಬಹುದು. ಆ ಖನಿಜದ ಹೆಸರು ಬೆರಿಲ್. ಬೆರಿಲಿಯಂ, ಅಲ್ಯುಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಈ ಖನಿಜಕ್ಕೆ ಶುದ್ಧ ಸ್ಥಿತಿಯಲ್ಲಿ ಬಣ್ಣವೇ ಇಲ್ಲ. ಕ್ರೋಮಿಯಂ ಅಥವಾ ವನೇಡಿಯಂ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಾಗ ಅದು ಪಚ್ಚೆಯಾಗುತ್ತದೆ. ಕಬ್ಬಿಣ ಒಂದು ರೂಪದಲ್ಲಿ ಬೆರೆತರೆ ತಿಳಿನೀಲಿಯ ಅಕ್ವಾಮರೀನ್, ಇನ್ನೊಂದು ರೂಪದಲ್ಲಿ ಬೆರೆತರೆ ಹಳದಿಯ ಹೀಲಿಯೊಡಾರ್, ಮ್ಯಾಂಗನೀಸ್ ಬೆರೆತರೆ ನಸುಗುಲಾಬಿಯ ಮಾರ್ಗನೈಟ್ ಆಗುತ್ತದೆ. ಉಂಗುರಕ್ಕೆ ಕೂರಿಸಿದ ಕಲ್ಲುಗಳ ವಿಚಾರ ಇಲ್ಲಿಲ್ಲ. ಸಾಣೆ ಹಿಡಿಯದ, ಭೂಮಿಯೊಳಗೆ ಬೆಳೆದ ಆಕಾರದಲ್ಲಿಯೇ ಉಳಿದಿರುವ ಹರಳುಗಳನ್ನು ಗುರುತಿಸುವುದು, ಕೊಳ್ಳುವುದು ಮತ್ತು ಮಲೆನಾಡಿನ ಮನೆಯಲ್ಲಿ ಕೆಡದಂತೆ ಕಾಪಾಡುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹರಳು ಎಷ್ಟೇ ಸುಂದರವಾಗಿದ್ದರೂ ಅದು ಯಾವ ಊರಿನ, ಯಾವ ಗಣಿಯ, ಯಾವ ಬಂಡೆಯಿಂದ ಬಂದದ್ದೆಂಬ ವಿವರ ಇಲ್ಲದಿದ್ದರೆ ಅದು ಕೇವಲ ಬಣ್ಣದ ಕಲ್ಲು. ವಿವರ ಜೊತೆಗಿದ್ದರೆ ಮಾತ್ರ ಅದನ್ನು ಮಾದರಿ ಎನ್ನಬಹುದು. ಮುಂದೆ ಹೇಳುವ ಕ್ರಮಗಳೆಲ್ಲ ಹರಳನ್ನೂ ಅದರ ವಿವರವನ್ನೂ ಒಂದನ್ನೊಂದು ಅಗಲದಂತೆ ಇಡುವುದಕ್ಕಾಗಿಯೇ ಇವೆ.

ನಮ್ಮ ನೆಲದಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಬೆರಿಲಿಯಂ ಪರಮಾಣು ತೀರ ಚಿಕ್ಕದಾದ್ದರಿಂದ ಸಾಮಾನ್ಯ ಶಿಲಾಖನಿಜಗಳ ರಚನೆಯೊಳಗೆ ಅದಕ್ಕೆ ಜಾಗ ಸಿಗುವುದಿಲ್ಲ. ಗ್ರಾನೈಟಿನ ಶಿಲಾಪಾಕ ತಣ್ಣಗಾಗುತ್ತ ಗಟ್ಟಿಯಾಗುವಾಗ ಅದು ಕೊನೆಯವರೆಗೂ ಉಳಿದ ನೀರು ತುಂಬಿದ ಪಾಕದಲ್ಲಿ ಸಾಂದ್ರವಾಗುತ್ತ ಹೋಗುತ್ತದೆ. ಆ ಕೊನೆಯ ಪಾಕ ಬಿರುಕುಗಳಿಗೆ ನುಗ್ಗಿ ದೊಡ್ಡ ದೊಡ್ಡ ಹರಳುಗಳಾಗಿ ಘನೀಭವಿಸಿದಾಗ ಆಗುವ ಶಿಲೆಯೇ ಪೆಗ್ಮಟೈಟ್. ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಮತ್ತು ನಮ್ಮವರು ಕಾಗೆಬಂಗಾರವೆನ್ನುವ ಅಭ್ರಕ ಇದರ ಮುಖ್ಯ ಘಟಕಗಳು. ಬೆರಿಲ್ ಹುಡುಕುವವರು ಮೊದಲು ಹುಡುಕುವುದು ಈ ಪೆಗ್ಮಟೈಟನ್ನು.

ಪಚ್ಚೆಯ ವಿಷಯ ಇನ್ನೂ ಜಟಿಲ. ಬೆರಿಲಿಯಂ ಗ್ರಾನೈಟಿನ ಸಂಗಾತಿಯಾದರೆ ಕ್ರೋಮಿಯಂ ಅದಕ್ಕೆ ತೀರ ವಿರುದ್ಧ ಜಾತಿಯ, ಮ್ಯಾಗ್ನೀಸಿಯಂ ಹೆಚ್ಚಿರುವ ಕಪ್ಪು ಶಿಲೆಗಳ ಸಂಗಾತಿ. ಇವೆರಡೂ ಒಂದೆಡೆ ಸಂಧಿಸಿದರೆ ಮಾತ್ರ ಪಚ್ಚೆ ಹುಟ್ಟುತ್ತದೆ. ರಾಜಸ್ಥಾನದಲ್ಲಿ ಹಾಗೆಯೇ ಆಗಿದೆ: ಅಲ್ಲಿನ ಅಭ್ರಕ ಮತ್ತು ಬಳಪದ ಪದರುಶಿಲೆಗಳೊಳಗೆ ಪೆಗ್ಮಟೈಟ್ ನುಗ್ಗಿದ ಕಡೆ 1943ರಲ್ಲಿ ಕಾಳಿಗುಮಾನ್ ಬಳಿ ಪಚ್ಚೆ ಪತ್ತೆಯಾಯಿತು. ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮಿಯಂ ಅದಿರಾದ ಕ್ರೋಮೈಟಿನ ಗಣಿಯೇ ಇದೆ. ಆದರೆ ಪಚ್ಚೆಯಾಗಲು ಕ್ರೋಮಿಯಂ ಒಂದೇ ಸಾಲದು.

ಶಿವಮೊಗ್ಗದ ಸುತ್ತಿನ ನೆಲ ಬಹುಪಾಲು ಧಾರವಾಡ ಶಿಲಾಸಮೂಹದ ಶಿಸ್ಟ್, ಅಂದರೆ ಪದರುಶಿಲೆಯ, ಪಟ್ಟಿಗೆ ಸೇರಿದ್ದು. ಇಲ್ಲಿನ ಶಿಲೆಗಳು 250 ಕೋಟಿ ವರ್ಷಗಳಿಗಿಂತ ಹಳೆಯವು. ಕುಂಸಿಯ ಮ್ಯಾಂಗನೀಸ್, ಭದ್ರಾವತಿ ಕಾರ್ಖಾನೆಗೆ ಬರುತ್ತಿದ್ದ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು, ಗುಡ್ಡಗಳ ತಲೆಯ ಮೇಲಿನ ಜಂಬಿಟ್ಟಿಗೆ ಇವೆಲ್ಲ ಈ ನೆಲದ ಸ್ವಭಾವವನ್ನು ಹೇಳುತ್ತವೆ. ಬೆರಿಲ್ ಈ ನೆಲದ ಸಹಜ ಬೆಳೆಯಲ್ಲ. ಆದ್ದರಿಂದ ತೀರ್ಥಹಳ್ಳಿಯ ತೋಟದಲ್ಲೋ ತುಂಗೆಯ ದಂಡೆಯಲ್ಲೋ ಸಿಕ್ಕ ಹಸಿರು ಕಲ್ಲನ್ನು ಯಾರಾದರೂ ಪಚ್ಚೆಯೆಂದು ತಂದು ತೋರಿಸಿದರೆ ಮೊದಲು ಬಾಟಲಿಯ ಗಾಜು, ಆಮೇಲೆ ಫುಕ್ಸೈಟ್ ಎಂಬ ಹಸಿರು ಅಭ್ರಕ ಬೆರೆತ ಬೆಣಚುಶಿಲೆ ಎಂದು ಅನುಮಾನಿಸುವುದು ವಿವೇಕ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಸಿಗುವ ಈ ಹಸಿರು ಶಿಲೆಯ ಬಣ್ಣಕ್ಕೂ ಕ್ರೋಮಿಯಮ್ಮೇ ಕಾರಣ. ಆದರೆ ಅದು ಕಾಳುಕಾಳಾಗಿ, ಅಭ್ರಕದ ಮಿನುಗಿನೊಂದಿಗೆ ಇರುತ್ತದೆ, ಆರು ಮೂಲೆಯ ಹರಳಾಗಿ ಇರುವುದಿಲ್ಲ.

ಪಕ್ಕದ ತಮಿಳುನಾಡಿನ ಕಥೆ ಬೇರೆ. ಕಾಂಗೇಯಂ ಸೀಮೆಯ ಪಡಿಯೂರಿನ ಬೆರಿಲ್ ಗಣಿ ಬಹು ಪ್ರಾಚೀನವಾದದ್ದು. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ, ಬೆರಿಲ್ ಭಾರತದಲ್ಲಿ ಹುಟ್ಟುತ್ತದೆ, ಬೇರೆಡೆ ಅಪರೂಪ ಎಂದು ಬರೆದಿದ್ದಾನೆ. ಕೊಯಮತ್ತೂರು ಸೀಮೆಯಲ್ಲಿ ರೋಮನ್ ನಾಣ್ಯಗಳು ಸಿಕ್ಕಿರುವುದು ಆ ಕಾಲದ ವ್ಯಾಪಾರವನ್ನು ನೆನಪಿಸುತ್ತದೆ. ಇಂದಿಗೂ ದಕ್ಷಿಣ ಭಾರತದ ಅಕ್ವಾಮರೀನ್ ಎಂದರೆ ಕಾಂಗೇಯಂ ಮತ್ತು ಕರೂರು ಭಾಗದ್ದೇ ಹೆಚ್ಚು. ಆಂಧ್ರದ ನೆಲ್ಲೂರು ಮತ್ತು ಜಾರ್ಖಂಡದ ಕೋಡರ್ಮಾ ಅಭ್ರಕ ಗಣಿಗಳಿಂದ ಮಂದವಾದ, ಅಪಾರದರ್ಶಕ ಬೆರಿಲ್ ಬರುತ್ತಿತ್ತು. ಒಡಿಶಾದಲ್ಲಿಯೂ ಜಮ್ಮುವಿನ ಕಿಶ್ತ್ವಾರದಲ್ಲಿಯೂ ಅಕ್ವಾಮರೀನ್ ಇದೆ.

ಹೊಸಬರು ಕೊಲಂಬಿಯಾದ ಪಚ್ಚೆಗೆ ಹಣ ಸುರಿಯುವ ಬದಲು ನೆಲ್ಲೂರಿನ ಮಂದ ಬೆರಿಲಿನ ಒಂದು ಗಟ್ಟಿ ಹರಳಿನಿಂದ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಆಭರಣದ ಬೆಲೆ ಇಲ್ಲ, ನಕಲಿಯ ಭಯವೂ ಕಡಿಮೆ. ಹರಳಿನ ಆಕಾರವನ್ನು ಕೈಯಲ್ಲಿ ಹಿಡಿದು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಅಗೆಯುವ ಮುನ್ನ

ಮಲೆನಾಡಿನ ಕಾಡಿನಲ್ಲಿ ಕಲ್ಲು ಹೆಕ್ಕುವಂತಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಲ್ಲಿರುವ ಶಿಲೆ ಮತ್ತು ಖನಿಜಗಳೂ ಅರಣ್ಯ ಉತ್ಪನ್ನಗಳೇ. ಶೆಟ್ಟಿಹಳ್ಳಿ, ಸೋಮೇಶ್ವರ, ಭದ್ರಾ ಅಭಯಾರಣ್ಯಗಳಲ್ಲಿ ಮತ್ತು ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ಆದರೆ ಅವರ ಒಪ್ಪಿಗೆಯೊಂದರಿಂದಲೇ ಗಣಿಗಾರಿಕೆಯ ಹಕ್ಕು ಬರುವುದಿಲ್ಲ. ಬೆರಿಲಿಯಂ ಖನಿಜಗಳು ಬಹುಕಾಲ ಪರಮಾಣು ಖನಿಜಗಳ ಪಟ್ಟಿಯಲ್ಲಿದ್ದವು. ಗಣಿ ಮತ್ತು ಖನಿಜ ಕಾಯ್ದೆಯ 2023ರ ತಿದ್ದುಪಡಿಯಿಂದ ಅವು ಆ ಪಟ್ಟಿಯಿಂದ ಹೊರಬಂದು ನಿರ್ಣಾಯಕ ಮತ್ತು ಆಯಕಟ್ಟಿನ ಖನಿಜಗಳ ಪಟ್ಟಿಗೆ ಸೇರಿವೆ. ಹವ್ಯಾಸಿಗಳು ಸ್ವಂತವಾಗಿ ಅಗೆಯುವ ಆಸೆಯನ್ನು ಬಿಟ್ಟುಬಿಡುವುದೇ ಸರಿ.

ಪೆಗ್ಮಟೈಟನ್ನು ಕಣ್ಣಾರೆ ನೋಡಿ ಕಲಿಯುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ರಸ್ತೆ ಅಗಲಗೊಳಿಸಲು ಕತ್ತರಿಸಿದ ದಿಬ್ಬಗಳಲ್ಲಿ ನೈಸ್ (gneiss) ಎಂಬ ಬೂದುಬಣ್ಣದ ಪಟ್ಟೆಶಿಲೆಯನ್ನು ಸೀಳಿಕೊಂಡು ಹೋಗುವ ನಸುಗೆಂಪು ಅಥವಾ ಬಿಳಿಯ ದಪ್ಪ ಎಳೆಗಳು ಹಲವೆಡೆ ಕಾಣಸಿಗುತ್ತವೆ. ಕಲ್ಲುಕ್ವಾರಿಯೊಳಗೆ ಹೋಗುವುದಾದರೆ ಪರವಾನಗಿ ಇರುವ ಕ್ವಾರಿಗೆ, ಮಾಲೀಕರ ಅನುಮತಿ ಪಡೆದು, ಸಿಡಿತವಿಲ್ಲದ ದಿನ ಹೋಗಬೇಕು. ಸಿಡಿಯದೆ ಉಳಿದ ತೋಟೆ ಅಥವಾ ತಂತಿ ಕಂಡರೆ ಮುಟ್ಟದೆ ಹಿಂದಿರುಗಬೇಕು. 2021ರ ಜನವರಿಯಲ್ಲಿ ಶಿವಮೊಗ್ಗದ ಪಕ್ಕದ ಹುಣಸೋಡಿನಲ್ಲಿ ನಡೆದ ಸ್ಫೋಟವನ್ನು ಕಂಡ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭೂವಿಜ್ಞಾನದ ಹಿನ್ನೆಲೆ ಬೇಕೆನಿಸಿದವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಅನ್ವಯಿಕ ಭೂವಿಜ್ಞಾನ ವಿಭಾಗದವರನ್ನು ವಿಚಾರಿಸಬಹುದು.

ಕೈಯಲ್ಲಿ ಹಿಡಿದು ಗುರುತಿಸುವುದು

ಹರಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ನೋಡಬೇಕು. ಬೆರಿಲ್ ಆರು ಮುಖದ ಕಂಬವಾಗಿ ಬೆಳೆಯುತ್ತದೆ. ತುದಿ ಸಾಮಾನ್ಯವಾಗಿ ಗರಗಸದಿಂದ ಕೊಯ್ದಂತೆ ಸಪಾಟಾಗಿರುತ್ತದೆ. ಬೆಣಚುಕಲ್ಲಿನ ಹರಳೂ ಆರು ಮುಖದ್ದೇ, ಆದರೆ ಅದರ ತುದಿ ಚೂಪಾದ ಗೋಪುರ. ತುದಿ ಮುರಿದಿದ್ದರೆ ಗೆರೆಗಳನ್ನು ನೋಡಬೇಕು. ಬೆಣಚುಕಲ್ಲಿನ ಕಂಬದ ಮುಖಗಳ ಮೇಲೆ ಸೂಕ್ಷ್ಮ ಗೆರೆಗಳು ಅಡ್ಡಡ್ಡಲಾಗಿ, ಏಣಿಯ ಮೆಟ್ಟಿಲಿನಂತೆ ಇರುತ್ತವೆ; ಬೆರಿಲಿನಲ್ಲಿ ಗೆರೆಗಳಿದ್ದರೆ ಅವು ಕಂಬದ ಉದ್ದಕ್ಕೇ ಹರಿಯುತ್ತವೆ. ಬೆರಳಿನ ಉಗುರನ್ನು ಮೆಲ್ಲಗೆ ಎಳೆದರೂ ಎಷ್ಟೋ ಸಲ ಈ ವ್ಯತ್ಯಾಸ ತಿಳಿಯುತ್ತದೆ. ಟೂರ್ಮಲೀನಿನ ಗೆರೆಗಳೂ ಉದ್ದಕ್ಕೇ ಇರುತ್ತವೆ, ಇನ್ನೂ ಆಳವಾಗಿರುತ್ತವೆ; ಆದರೆ ಅದನ್ನು ತುದಿಯ ಕಡೆಯಿಂದ ನೋಡಿದರೆ ಉಬ್ಬಿದ ಬದಿಗಳ ತ್ರಿಕೋನ ಕಾಣುತ್ತದೆ.

ಸಪಾಟು ತುದಿಯ ಮೇಲೆ ಇನ್ನೊಂದು ಗುರುತನ್ನು ಹುಡುಕಬಹುದು. ಹರಳು ಬೆಳೆದ ನಂತರ ಬಿಸಿ ದ್ರವಗಳು ಅದನ್ನು ಸ್ವಲ್ಪ ಕರಗಿಸಿದ್ದರೆ ಅಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಕುಳಿಗಳು ಮೂಡಿರುತ್ತವೆ, ಆ ಕುಳಿಗಳ ಅಂಚೂ ಆರು ಮೂಲೆಯದ್ದಾಗಿರುತ್ತದೆ. ನಕಲಿ ಮಾಡುವವರು ಕಂಬವನ್ನು ಕೆತ್ತಬಲ್ಲರು. ಈ ಕುಳಿಗಳನ್ನು ಹಾಗೆ ಮೂಡಿಸುವುದು ಸುಲಭವಲ್ಲ. ಆದ್ದರಿಂದ ತೀರ ನುಣುಪಾದ ಮುಖಗಳಿಗಿಂತ ಇಂತಹ ಸಹಜ ಒರಟುತನವಿರುವ ಹರಳನ್ನು ನಾನು ಹೆಚ್ಚು ನಂಬುತ್ತೇನೆ.

ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಮಾಪಕದಲ್ಲಿ ಬೆರಿಲಿನದು 7.5ರಿಂದ 8. ಹಾಗೆಂದು ಯಾವ ಒಳ್ಳೆಯ ಹರಳನ್ನೂ ಗೀರಿ ಪರೀಕ್ಷಿಸಬಾರದು; ಆ ಗೀರು ಶಾಶ್ವತ. ಅದರ ಬದಲು ಸಾಂದ್ರತೆಯನ್ನು ಅಳೆಯುವುದು ಮೇಲು, ಅದಕ್ಕೆ 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಮೊದಲು ಬಿಡಿ ಹರಳನ್ನು ತೂಗಿ ಬರೆದುಕೊಳ್ಳಬೇಕು. ಬಳಿಕ ನೀರಿರುವ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ಹರಳನ್ನು ತೆಳು ದಾರದಲ್ಲಿ ಕಟ್ಟಿ, ಲೋಟದ ತಳ ಮತ್ತು ಬದಿಗಳಿಗೆ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವ ಅಂಕಿ ಹರಳು ಪಲ್ಲಟಗೊಳಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಹರಳು 40 ಗ್ರಾಂ ತೂಗಿ, ನೀರಿನ ಅಂಕಿ 14.8 ಬಂದರೆ ಸಾಂದ್ರತೆ 2.70, ಇದು ಅಕ್ವಾಮರೀನಿಗೆ ಒಪ್ಪುತ್ತದೆ. ಅಷ್ಟೇ ತೂಕದ ನೀಲಿ ಟೋಪಾಜ್ ಆಗಿದ್ದರೆ ಆ ಅಂಕಿ 11.4ರ ಆಸುಪಾಸಿನಲ್ಲಿರುತ್ತಿತ್ತು, ಏಕೆಂದರೆ ಟೋಪಾಜಿನ ಸಾಂದ್ರತೆ ಸುಮಾರು 3.5. ಅಪಟೈಟ್ ಎಂಬ ಖನಿಜ ಕೂಡ ಆರು ಮುಖದ ನೀಲಿ-ಹಸಿರು ಕಂಬವಾಗಿ ಬೆಳೆದು ಹೊಸಬರನ್ನು ದಾರಿತಪ್ಪಿಸುತ್ತದೆ. ಅದರ ಸಾಂದ್ರತೆ 3.2ರಷ್ಟು, ಗಡಸುತನ 5 ಮಾತ್ರ. ಈ ವಿಧಾನ ಬೆಣಚುಕಲ್ಲನ್ನು ಬೇರ್ಪಡಿಸಲು ಸಾಲದು, ಅದರ ಸಾಂದ್ರತೆ 2.65 ಆಗಿರುವುದರಿಂದ ತಕ್ಕಡಿಯ ಸಣ್ಣ ದೋಷದಲ್ಲಿಯೇ ಎರಡೂ ಒಂದಾಗಿಬಿಡುತ್ತವೆ. ಅಲ್ಲಿ ಗೆರೆಗಳೇ ಗತಿ. ತಾಯಿಕಲ್ಲಿಗೆ, ಅಂದರೆ ತಾನು ಬೆಳೆದ ಬಂಡೆಯ ತುಣುಕಿಗೆ, ಅಂಟಿದ ಹರಳಿಗೂ ಇದು ನಡೆಯದು.

ಕೊಳ್ಳುವಾಗ

ಬೆರಿಲಿನ ನಕಲಿಗೆ ದೀರ್ಘ ಇತಿಹಾಸವೇ ಇದೆ. ಭಾರತದವರು ಸ್ಫಟಿಕಕ್ಕೆ ಬಣ್ಣ ಹಾಕಿ ರತ್ನಗಳನ್ನು, ವಿಶೇಷವಾಗಿ ಬೆರಿಲನ್ನು, ನಕಲು ಮಾಡುತ್ತಾರೆಂದು ಮೇಲೆ ಹೇಳಿದ ಪ್ಲಿನಿಯೇ ಎಚ್ಚರಿಸಿದ್ದಾನೆ. ಇಂದಿನ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಮೋಸ ನಡೆಯುವುದು ತಾಯಿಕಲ್ಲಿನಲ್ಲಿ ಕುಳಿತ ಪಚ್ಚೆಯಲ್ಲಿ. ಕಪ್ಪು ಅಭ್ರಕದ ಪದರುಶಿಲೆಯಲ್ಲಿ ಗುಳಿ ತೋಡಿ, ಹಸಿರು ಬಣ್ಣ ಬಳಿದ ಬೆಣಚುಕಲ್ಲನ್ನೋ ಪೇಲವ ಬೆರಿಲನ್ನೋ ಕೂರಿಸಿ, ಸುತ್ತ ಅಭ್ರಕದ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿಬಿಡುತ್ತಾರೆ. ಸಹಜ ಮಾದರಿಯಲ್ಲಿ ಅಭ್ರಕದ ಹಾಳೆಗಳು ಹರಳಿನ ಸುತ್ತ ಬಾಗಿಕೊಂಡು ಹೋಗಿರುತ್ತವೆ, ಕೆಲವು ಹಾಳೆಗಳು ಹರಳಿನ ಒಳಗೂ ಹೊಕ್ಕಿರುತ್ತವೆ. ಮೆತ್ತಿದ ಮಾದರಿಯಲ್ಲಿ ಅಂಚಿನ ಸುತ್ತ ಪದರಿಗೆ ದಿಕ್ಕೇ ಇರುವುದಿಲ್ಲ, ಭೂತಗನ್ನಡಿಯಲ್ಲಿ ಗಾಳಿಗುಳ್ಳೆಗಳು ಕಾಣುತ್ತವೆ. 365 ನ್ಯಾನೋಮೀಟರಿನ ನೇರಳಾತೀತ ಟಾರ್ಚನ್ನು ಕತ್ತಲಲ್ಲಿ ಹಿಡಿದರೆ ಹಲವು ಬಗೆಯ ಅಂಟುಗಳು ಬಿಳಿನೀಲಿಯಾಗಿ ಹೊಳೆಯುತ್ತವೆ. ಮುರಿದು ಜೋಡಿಸಿದ ಹರಳಿನ ಕೂಡುಗೆರೆಯೂ ಹಾಗೆಯೇ ಗೋಚರವಾಗುತ್ತದೆ. ಜೋಡಿಸಿದ ಹರಳನ್ನು ಕೊಳ್ಳಲೇಬಾರದೆಂದಲ್ಲ, ಜೋಡಿಸಿದ್ದೆಂದು ಮಾರುವವರು ಹೇಳಬೇಕು ಮತ್ತು ಬೆಲೆ ಅದಕ್ಕೆ ತಕ್ಕಂತಿರಬೇಕು.

ಪಚ್ಚೆಯ ಬಿರುಕುಗಳಿಗೆ ಸೀಡರ್ ಎಣ್ಣೆ ಅಥವಾ ರಾಳ ತುಂಬುವುದು ವ್ಯಾಪಾರದಲ್ಲಿ ಸಾಮಾನ್ಯ. ಪಚ್ಚೆಯ ದೊಡ್ಡ ಪೇಟೆಯಾದ ಜೈಪುರದ ವ್ಯಾಪಾರಿಗಳು ಕೇಳಿದರೆ ಇದನ್ನು ಹೇಳುತ್ತಾರೆ. ಆದ್ದರಿಂದ ಕೇಳುವುದನ್ನು ಮರೆಯಬಾರದು. ಅಕ್ವಾಮರೀನನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದರ ಹಸಿರು ಛಾಯೆಯನ್ನು ತೆಗೆಯುತ್ತಾರೆ. ಇದನ್ನು ಪತ್ತೆಹಚ್ಚುವುದು ಪ್ರಯೋಗಾಲಯಕ್ಕೂ ಕಷ್ಟ, ಬಣ್ಣ ಮಾತ್ರ ಸ್ಥಿರ. ಆದರೆ ವಿಕಿರಣದಿಂದ ಕಡುನೀಲಿಯಾದ ಮಾಕ್ಸಿಕ್ಸ್ ಬಗೆಯ ಬೆರಿಲ್ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ನೀಲಮಣಿಯಷ್ಟು ಗಾಢವಾದ ಅಕ್ವಾಮರೀನನ್ನು ಅಗ್ಗದ ಬೆಲೆಗೆ ತೋರಿಸಿದರೆ ಬೇಡವೆನ್ನುವುದೇ ಕ್ಷೇಮ.

ಜ್ಯೋತಿಷ್ಯಕ್ಕಾಗಿ ಪಚ್ಚೆ ಮಾರುವ ಅಂಗಡಿಗಳಲ್ಲಿ ಬೆಲೆ ಕ್ಯಾರೆಟ್ಟಿನ ಲೆಕ್ಕದಲ್ಲಿರುತ್ತದೆ, ಊರಿನ ವಿವರ ಸಿಗುವುದಿಲ್ಲ. ಸಂಗ್ರಾಹಕರಿಗೆ ಬೇಕಾದದ್ದು ಬೇರೆ: ಮುರಿಯದ ತುದಿ, ಸ್ಪಷ್ಟವಾದ ಮುಖಗಳು, ತಾಯಿಕಲ್ಲಿನೊಂದಿಗಿನ ಸಂಬಂಧ ಮತ್ತು ಮೂಲದ ವಿವರ. ಬೆಲೆ ಕೇಳುವ ಮೊದಲು ಊರನ್ನು ಕೇಳಬೇಕು. "ಭಾರತ" ಎಂದಷ್ಟೇ ಹೇಳಿದರೆ ಅದು ಉತ್ತರವಲ್ಲ. ಹಳ್ಳಿ, ತಾಲ್ಲೂಕು, ಜಿಲ್ಲೆಯವರೆಗೆ ಕೇಳಬೇಕು, ಅವರು ಯಾರಿಂದ ಕೊಂಡರೆಂಬುದನ್ನೂ ಕೇಳಬೇಕು.

ತೊಳೆಯುವುದು

ಅಕ್ವಾಮರೀನ್ ಮತ್ತು ಸಾಮಾನ್ಯ ಬೆರಿಲನ್ನು ತಣ್ಣೀರು, ಒಂದು ಹನಿ ಸೌಮ್ಯ ಸಾಬೂನು ಮತ್ತು ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದರೆ ಸಾಕು. ಹಿತ್ತಾಳೆ ಪಾತ್ರೆ ಬೆಳಗಲು ಬಳಸುವ ಹುಣಸೆಹಣ್ಣು, ನಿಂಬೆಹುಳಿಗಳನ್ನು ಕಲ್ಲಿನ ಮೇಲೆ ಪ್ರಯೋಗಿಸಬಾರದು. ಬೆರಿಲಿಗೆ ಅವುಗಳಿಂದ ಏನೂ ಆಗದಿದ್ದರೂ ತಾಯಿಕಲ್ಲಿನಲ್ಲಿ ಕ್ಯಾಲ್ಸೈಟ್ ಇದ್ದರೆ ಅದು ಹುಳಿಯಲ್ಲಿ ಕರಗುತ್ತದೆ, ಕೊಲಂಬಿಯಾದ ಪಚ್ಚೆಯ ಮಾದರಿಗಳಲ್ಲಿ ಕ್ಯಾಲ್ಸೈಟ್ ಇರುವುದು ಸಾಮಾನ್ಯ. ಪಚ್ಚೆಗೆ ಬಿಸಿನೀರು, ಅಸಿಟೋನ್, ಸ್ಪಿರಿಟ್ ಮತ್ತು ಅಲ್ಟ್ರಾಸಾನಿಕ್ ಯಂತ್ರ ನಾಲ್ಕೂ ನಿಷಿದ್ಧ, ಬಿರುಕಿನ ಎಣ್ಣೆ ಹೊರಬಂದರೆ ಹರಳು ಮಂಕಾಗುತ್ತದೆ.

ಬೆರಿಲ್ ಹರಳನ್ನು ಮುಟ್ಟುವುದರಿಂದ ಯಾವ ಅಪಾಯವೂ ಇಲ್ಲ. ಅದನ್ನು ಮನೆಯಲ್ಲಿ ಕೊಯ್ಯುವುದು, ಉಜ್ಜುವುದು, ಕೊರೆಯುವುದು ಮಾತ್ರ ಕೂಡದು. ಬೆರಿಲಿಯಂ ಇರುವ ದೂಳೂ ತಾಯಿಕಲ್ಲಿನ ಸಿಲಿಕಾ ದೂಳೂ ಶ್ವಾಸಕೋಶಕ್ಕೆ ಹಾನಿಕರ.

ಮಳೆಗಾಲದಲ್ಲಿ ಕಾಪಾಡುವುದು

ಆಗುಂಬೆಯ ಮಳೆಯೂ ಬೆರಿಲಿಗೆ ಏನೂ ಮಾಡಲಾರದು. ಮಲೆನಾಡಿನ ತೇವ ಕೆಡಿಸುವುದು ಹರಳನ್ನಲ್ಲ, ಅದರ ಚೀಟಿಯನ್ನು. ಜೂನ್ ಕಳೆಯುವಷ್ಟರಲ್ಲಿ ರಟ್ಟಿನ ಡಬ್ಬಿಗೆ ಬೂಷ್ಟು ಹಿಡಿಯುತ್ತದೆ, ಜೆಲ್ ಪೆನ್ನಿನ ಅಕ್ಷರ ಹರಡಿ ಕಲೆಯಾಗುತ್ತದೆ, ಗೋಡೆಗೆ ತಾಗಿದ ಮರದ ಪೆಟ್ಟಿಗೆಗೆ ಗೆದ್ದಲು ಬರುತ್ತದೆ, ಅಂಟು ಹಚ್ಚಿದ ಚೀಟಿಯನ್ನು ಹುಳುಗಳು ತಿನ್ನುತ್ತವೆ. ದೀಪಾವಳಿಯ ಹೊತ್ತಿಗೆ ಡಬ್ಬಿ ತೆಗೆದರೆ ಹರಳು ಹೊಳೆಯುತ್ತಲೇ ಇರುತ್ತದೆ, ಅದು ಯಾವ ಊರಿನದ್ದೆಂಬುದು ಅಳಿಸಿಹೋಗಿರುತ್ತದೆ. ಹರಳಿನ ಮುರಿದ ತುದಿಯನ್ನು ಅಂಟಿಸಬಹುದು. ಕಳೆದುಹೋದ ಊರನ್ನು ಮರಳಿ ಪಡೆಯಲು ದಾರಿಯಿಲ್ಲ.

ಆದ್ದರಿಂದ ಪ್ರತಿ ಮಾದರಿಗೂ ಒಂದು ಸಂಖ್ಯೆ ಕೊಡಬೇಕು. ಹರಳಿನ ಮೇಲಲ್ಲ, ತಾಯಿಕಲ್ಲಿನ ಅಥವಾ ಮುರಿದ ತಳದ ಕಾಣದ ಭಾಗದಲ್ಲಿ, ಅಕ್ಕಿಕಾಳಿನಷ್ಟು ಜಾಗಕ್ಕೆ ಬಿಳಿ ಬಣ್ಣ ಹಚ್ಚಿ ಒಣಗಿದ ಮೇಲೆ ಇಂಡಿಯನ್ ಇಂಕಿನಲ್ಲಿ ಸಂಖ್ಯೆ ಬರೆಯಬೇಕು. ಅದೇ ಸಂಖ್ಯೆಯ ಚೀಟಿಯಲ್ಲಿ ಖನಿಜದ ಹೆಸರು, ಊರು-ತಾಲ್ಲೂಕು-ಜಿಲ್ಲೆ, ಕೊಂಡ ದಿನಾಂಕ, ಯಾರಿಂದ, ಎಷ್ಟಕ್ಕೆ, ಅಳತೆ, ತೂಕ ಮತ್ತು ಜೋಡಣೆ ಅಥವಾ ಎಣ್ಣೆಯ ಸಂಗತಿಯನ್ನು ಸೀಸದ ಕಡ್ಡಿಯಲ್ಲಿ ಬರೆಯಬೇಕು; ಸೀಸದ ಬರಹ ತೇವಕ್ಕೆ ಹರಡುವುದಿಲ್ಲ. ಹಿಂದಿನ ಮಾಲೀಕರ ಹಳೆಯ ಚೀಟಿ ಇದ್ದರೆ, ಅದರಲ್ಲಿ ತಪ್ಪಿದ್ದರೂ ಎಸೆಯದೆ, ಪಾರದರ್ಶಕ ಲಕೋಟೆಯಲ್ಲಿ ಜೊತೆಗೇ ಇಡಬೇಕು. ಹರಳನ್ನೂ ಚೀಟಿಯನ್ನೂ ಒಟ್ಟಿಗೆ ಇಟ್ಟು ಒಂದು ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಎಲ್ಲ ವಿವರಗಳ ಇನ್ನೊಂದು ಪ್ರತಿ ಒಂದು ದಫ್ತರಿನಲ್ಲಿದ್ದು, ಆ ದಫ್ತರು ಹರಳುಗಳಿರುವ ಬೀರುವಿನಲ್ಲಿ ಅಲ್ಲದೆ ಬೇರೆ ಕೋಣೆಯಲ್ಲಿರಬೇಕು.

ಹೊರಗೋಡೆಗೆ ತಾಗದ ಉಕ್ಕಿನ ಬೀರು ಮರದ ಪೆಟ್ಟಿಗೆಗಿಂತ ಮೇಲು. ನುಸಿಗುಳಿಗೆಯನ್ನು ಮಾತ್ರ ಅದರೊಳಗೆ ಹಾಕಬಾರದು, ಸಣ್ಣ ಹರಳುಗಳನ್ನು ಇಡುವ ಪಾರದರ್ಶಕ ಪಾಲಿಸ್ಟೈರೀನ್ ಡಬ್ಬಿಗಳನ್ನು ಅದರ ಆವಿ ಮೆತ್ತಗಾಗಿಸುತ್ತದೆ. ಬದಲಿಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಮಳೆಗಾಲದಲ್ಲಿ ಆಗಾಗ ಕಾಯಿಸಿ ಒಣಗಿಸಿಕೊಳ್ಳಬಹುದು. ಎಣ್ಣೆ ತುಂಬಿದ ಪಚ್ಚೆಯನ್ನು ಬಿಸಿಯಾಗುವ ದೀಪದ ಕೆಳಗೆ, ಬಚ್ಚಲೊಲೆಯ ಗೋಡೆಯ ಆಚೆ ಬದಿಯಲ್ಲಿ ಅಥವಾ ಬಿಸಿಲು ಬೀಳುವ ಕಿಟಕಿಯಲ್ಲಿ ಇಡುವಂತಿಲ್ಲ. ಪ್ರತಿ ಹರಳಿಗೂ ಬೇರೆ ಬೇರೆ ಗೂಡು ಬೇಕು. ಬೆರಿಲ್ ಪಕ್ಕದ ಅಪಟೈಟನ್ನೂ ಕ್ಯಾಲ್ಸೈಟನ್ನೂ ಗೀರುತ್ತದೆ, ಟೋಪಾಜ್ ಬೆರಿಲನ್ನು ಗೀರುತ್ತದೆ.

ಬೇರೆ ಊರಿನ ಸಂಗ್ರಾಹಕರಿಗೆ ಹರಳನ್ನು ಕಳಿಸುವಾಗ ಹತ್ತಿಯನ್ನು ನೇರವಾಗಿ ಸುತ್ತಬಾರದು, ಅದರ ಎಳೆಗಳು ಸೂಕ್ಷ್ಮ ಅಭ್ರಕಕ್ಕೆ ಸಿಕ್ಕಿ ಹಾಳೆಗಳನ್ನು ಕೀಳುತ್ತವೆ. ಮೊದಲು ಟಿಶ್ಯೂ ಕಾಗದ, ಅದರ ಮೇಲೆ ಗುಳ್ಳೆಯ ಪ್ಲಾಸ್ಟಿಕ್ ಸುತ್ತಿ, ಅಲುಗಾಡದಂತೆ ಚಿಕ್ಕ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಇನ್ನೊಂದು ದೊಡ್ಡ ಡಬ್ಬಿಯೊಳಗೆ ಇಡಬೇಕು. ಚೀಟಿಯನ್ನು ಒಳಗಿನ ಡಬ್ಬಿಯಲ್ಲಿಯೇ ಇಡಬೇಕು, ಹೊರಗಿನದರಲ್ಲಿ ಅಲ್ಲ.